ಬಸಿರಿನಲ್ಲಿ ಸುಮ್ಮನಿದ್ದ ಬೆರಳುಗಳು

ಬಸುರಿಯಾಗಿದ್ದಾಗ ನನ್ನ ಕೀಲುನೋವು ಹೆಚ್ಚುಕಡಿಮೆ ಮಾಯವಾಗಿತ್ತು. ಅದಕ್ಕೂ ಮೊದಲು ಬೆಳಿಗ್ಗೆ ಎದ್ದು ಮುಷ್ಟಿ ಕಟ್ಟೋಕೆ ಒಂದು ಗಂಟೆ ಬೇಕಿತ್ತು. ಹೆರಿಗೆಯಾಗಿ ಎರಡು ತಿಂಗಳಿಗೆ ಎಲ್ಲ ವಾಪಸ್. ಮಗುವಿನ ಅಂಗಿಯ ಗುಂಡಿ ಹಾಕೋಕಾಗದೆ ಹಲ್ಲಿನಲ್ಲಿ ಕಚ್ಚಿ ಎಳೆದಿದ್ದೂ ಉಂಟು. ಕೇಳಿದವರೆಲ್ಲ ಹೇಳಿದ್ದು ಒಂದೇ: "ಹಾರ್ಮೋನು ಏರುಪೇರು, ಹೆಂಗಸರಿಗೆ ಇದ್ದದ್ದೇ."

ನನಗೆ ಸಿಟ್ಟು ಬರೋದು ಇಲ್ಲೇ. ಹಾರ್ಮೋನು ಅಂದುಬಿಟ್ಟರೆ ಮಾತು ಮುಗೀತು ಅನ್ನೋ ಹಾಗೆ ಆಡ್ತಾರೆ. ಮಾತು ಶುರುವಾಗಬೇಕಾದ್ದೇ ಅಲ್ಲಿಂದ ಅಲ್ವಾ?

ನನಗಿರೋದು ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ದೇಹದ ರಕ್ಷಣಾ ಪಡೆಯೇ ಕೀಲುಗಳ ಮೇಲೆ ತಿರುಗಿಬೀಳೋ ಕಾಯಿಲೆ. ಅದು ಗಂಡಸರಿಗಿಂತ ಹೆಂಗಸರಲ್ಲಿ 2–3 ಪಟ್ಟು ಜಾಸ್ತಿ. ಬಸಿರಿನಲ್ಲಿ ಅದು ತಗ್ಗುವುದನ್ನು ಅಮೆರಿಕದ ವೈದ್ಯ ಫಿಲಿಪ್ ಹೆಂಚ್ 1938ರಲ್ಲೇ ಬರೆದಿಟ್ಟರು. ಆ ಗುಟ್ಟಿನ ಬೆನ್ನು ಹತ್ತಿದವರಿಗೆ ಸಿಕ್ಕಿದ್ದು ಉರಿಯೂತ ತಗ್ಗಿಸುವ ಕಾರ್ಟಿಸೋನ್ ಅನ್ನೋ ಹಾರ್ಮೋನು. 1950ರಲ್ಲಿ ನೊಬೆಲ್ ಕೂಡ ಬಂತು.

ಕೀಲಿನ ಒಳಗೆ ನಡೆಯೋದು ಒಂಥರಾ ಅಂಟಿನ ಕಥೆ. ರಕ್ತನಾಳದ ಒಳಗೋಡೆಯಲ್ಲಿ ಐಕ್ಯಾಮ್, ವಿಕ್ಯಾಮ್ ಅನ್ನೋ ಕೊಕ್ಕೆಗಳಿವೆ. ಉರಿಯೂತದಲ್ಲಿ ಟಿಎನ್‌ಎಫ್ ಅನ್ನೋ ಪ್ರೋಟೀನ್ ಆ ಕೊಕ್ಕೆಗಳನ್ನು ಹೆಚ್ಚಿಸುತ್ತೆ. ತಮ್ಮ ಪಾಡಿಗೆ ಹರಿದು ಹೋಗ್ತಿದ್ದ ಬಿಳಿ ರಕ್ತಕಣಗಳು ಅದಕ್ಕೆ ಸಿಕ್ಕಿಕೊಂಡು ಕೀಲಿನೊಳಗೆ ನುಸುಳುತ್ತವೆ. ಕೀಲಿನ ಒಳಪೊರೆಯ ಮೇಲ್ಪದರದಲ್ಲಿ ಸಾಮಾನ್ಯವಾಗಿ ಇರೋದು ಒಂದೆರಡು ಸಾಲು ಜೀವಕೋಶ. ಅವು ಕ್ಯಾಡ್‌ಹೆರಿನ್-11 ಎಂಬ ಕೊಂಡಿಯಿಂದ ಒಂದನ್ನೊಂದು ಹಿಡಿದಿರುತ್ತವೆ. ರೋಗ ಬಂದಾಗ ಇದೇ ಪೊರೆ ದಪ್ಪವಾಗಿ, ಮೂಳೆ ತುದಿಯ ನುಣುಪಾದ ಹೊದಿಕೆಯಾದ ಮೃದ್ವಸ್ಥಿಯ ಮೇಲೆ ಹಬ್ಬಿ, ಅದನ್ನು ಕೊರೆಯುತ್ತೆ.

ಗಂಡು ಹಾರ್ಮೋನು ಟೆಸ್ಟೋಸ್ಟಿರಾನ್ ಸಾಮಾನ್ಯವಾಗಿ ಈ ಉರಿಯನ್ನು ತಣಿಸುವ ಕಡೆಗೇ ಇರುತ್ತೆ. ಹೆಣ್ಣು ಹಾರ್ಮೋನು ಈಸ್ಟ್ರೋಜನ್ ಮಾತ್ರ ಎರಡು ಮುಖದ್ದು. ಬಸಿರಿನಷ್ಟು ಏರಿದಾಗ ಟಿಎನ್‌ಎಫ್ ಅನ್ನು ತಗ್ಗಿಸುತ್ತೆ, ಕಡಿಮೆ ಇದ್ದಾಗ ಕೆಣಕಲೂಬಹುದು. ಇನ್ನೊಂದು ತಮಾಷೆ ಇದೆ. ಉರಿಯುತ್ತಿರುವ ಕೀಲಿನಲ್ಲಿ ಅರೋಮಟೇಸ್ ಎಂಬ ಕಿಣ್ವ ಚುರುಕಾಗಿ, ಗಂಡು ಹಾರ್ಮೋನನ್ನು ಅಲ್ಲೇ ಈಸ್ಟ್ರೋಜನ್ ಆಗಿ ಬದಲಿಸುತ್ತೆ. ಹಾಗಾಗಿ ರಕ್ತಪರೀಕ್ಷೆಯ ಚೀಟಿ ಒಂದು ಹೇಳಿದರೆ, ಕೀಲಿನ ಕಥೆಯೇ ಬೇರೆ ಇರಬಹುದು.

ಇದನ್ನು ಓದಿ ಸುಮ್ನೆ ಹಾರ್ಮೋನು ಮಾತ್ರೆ ನುಂಗೋಕೆ ಹೋಗಬೇಡಿ. ಅದು ಈ ಕಾಯಿಲೆಗೆ ಮದ್ದಲ್ಲ. "ಹಾರ್ಮೋನು ಸರಿ ಮಾಡ್ತೀವಿ" ಅಂತ ಪುಡಿ ಮಾರುವವರಿಂದಂತೂ ದೂರ ಇರಿ. ನಾನು ಮಾಡೋದು ಇಷ್ಟೇ. ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನ, ಪಕ್ಕದಲ್ಲಿ ಬೆಳಗಿನ ಬಿಗಿತ ಎಷ್ಟು ನಿಮಿಷ ಇತ್ತು ಅಂತ ಗೀಚಿಡ್ತೀನಿ.

ಮೂರನೇ ಡಾಕ್ಟರು ಅದನ್ನು ಕೈಗೆ ತಗೊಂಡು ಪೂರ್ತಿ ನೋಡಿದರು. ಆಮೇಲೆ ಕೇಳಿದರು: "ಬಸಿರಿನಲ್ಲಿ ಹೇಗಿತ್ತು?" ಅಲ್ಲಿವರೆಗೆ ಯಾರೂ ಅದನ್ನು ಕೇಳಿರಲಿಲ್ಲ.