ಪಿಡಿಎಫ್ ಬೇಡ, ಪೇಪರ್ ಬೇಕು

ಪೇಪರ್ ಹಾಕಿಸಿಕೊಳ್ಳಿ ಅಂದರೆ ಕೋಲಾರದಲ್ಲೂ ಈಗ ಎಲ್ಲರದ್ದೂ ಒಂದೇ ಮಾತು: "ಸುಮ್ನೆ ದುಡ್ಡು ದಂಡ ಯಾಕೆ, ಪಿಡಿಎಫ್ ಕಳಿಸ್ತೀನಿ ಬಿಡಿ." ಇದನ್ನು ಕೇಳಿದರೇ ಮೈ ಉರಿಯುತ್ತದೆ.

ಆ ಪಿಡಿಎಫ್ ಓದಿ ನೋಡಿದ್ದೀರಾ? ಎಪಿಎಂಸಿ ಧಾರಣೆ ಪುಟದ ಮೂಲೆಯಲ್ಲಿರುತ್ತದೆ. ಟೊಮೆಟೊ 15 ಕೆ.ಜಿ. ಬಾಕ್ಸ್‌ಗೆ ಎಷ್ಟು ಅಂತ ನೋಡಲು ಎರಡು ಬೆರಳಲ್ಲಿ ಹಿಗ್ಗಿಸಬೇಕು. ಅಂಕಿ ಕಾಣುವಷ್ಟರಲ್ಲಿ ತರಕಾರಿಯ ಹೆಸರು ಪರದೆಯಿಂದ ಆಚೆ ಹೋಗಿರುತ್ತದೆ. ಮತ್ತೆ ಕುಗ್ಗಿಸು, ಮತ್ತೆ ಎಳೆ. ನಡುವೆ ಮೇಲಿಂದ ಇಳಿಯುವ ಗುಡ್ ಮಾರ್ನಿಂಗ್ ಮೆಸೇಜ್ ಬೇರೆ.

ಪೇಪರನ್ನು ಚಾಪೆ ಮೇಲೆ ಹರಡಿದರೆ ಇಡೀ ಪುಟ ಒಂದೇ ನೋಟಕ್ಕೆ ಸಿಗುತ್ತದೆ. ಟೊಮೆಟೊ ರೇಟು ಹುಡುಕುವ ಕಣ್ಣಿಗೆ ಪಕ್ಕದಲ್ಲೇ ಶ್ರೀನಿವಾಸಪುರದ ಮಾವಿನ ಸುದ್ದಿಯೂ ಬೀಳುತ್ತದೆ. ಹುಡುಕದೇ ಸಿಗುವ ಇಂಥ ಸುದ್ದಿಯ ರುಚಿಯೇ ಜಾಸ್ತಿ. ಅಪ್ಪನಿಗೆ ಮುಖಪುಟ, ಅಮ್ಮನಿಗೆ ಪುರವಣಿ, ಪದಬಂಧಕ್ಕೆ ಮಾತ್ರ ಜಗಳ. ಫೋನನ್ನು ಹೀಗೆ ಹಂಚಿಕೊಳ್ಳೋಕಾಗುತ್ತಾ?

1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಜನರಿಗೆ ಮುಟ್ಟಿಸಿದರು. ಪತ್ರಿಕೆ ನಡೆಸಿದ ಡಿವಿಜಿ ಹುಟ್ಟಿದ್ದು ನಮ್ಮ ಮುಳಬಾಗಿಲಿನಲ್ಲೇ. ಅಂಥ ಜಿಲ್ಲೆಯಲ್ಲಿ ಪೇಪರ್ ಹಾಕುವ ಹುಡುಗ ಬಂದು, "ಈ ಬೀದಿಗೆ ನಿಮ್ಮದೊಂದೇ ಮನೆ ಸಾರ್, ಸೈಕಲ್ ತುಳಿದದ್ದೂ ಗಿಟ್ಟಲ್ಲ" ಅಂತಾನೆ. ಅವನದ್ದು ತಪ್ಪಲ್ಲ. ಬೆಳಗಿನ ಚಳಿಯಲ್ಲಿ ಎದ್ದು ಬರುವವನು ಅವನು.

ನಮ್ಮ ಬೀದಿಯವರೇ, ಕೈಮುಗಿದು ಕೇಳುತ್ತೇನೆ. ಇನ್ನೂ ಒಂದೆರಡು ಮನೆಯವರಾದರೂ ಹಾಕಿಸಿಕೊಳ್ಳಿ. ಪಿಡಿಎಫ್ ಮಾತ್ರ ನನಗೆ ಕಳಿಸಬೇಡಿ.