ನಿಯಮ ಬಿಟ್ಟಿದೆ ಅಂತ ಎಲ್ಲವನ್ನೂ ಇಂಜಿನ್‌ಗೆ ಹಾಕಿಸಬೇಡಿ

ಸೀಸನ್ ಮುಗಿದ ಕೂಡಲೇ ಕಾರ್ ರೇಸಿಗೆ ಹೊಸದಾಗಿ ಬಂದ ಗೆಳೆಯರು ಕೇಳುವುದು ಒಂದೇ: "ಇಂಜಿನ್‌ಗೆ ಏನು ಹಾಕಿಸಲಿ?" ನಾನು ತಿರುಗಿ ಕೇಳುವುದೂ ಒಂದೇ. ರೂಲ್ ಬುಕ್ ಪೂರ್ತಿ ಓದಿದ್ದೀರಾ? ಬಹಳ ಜನ ಇಂಜಿನ್ನಿನ ಭಾಗವಷ್ಟನ್ನೇ ಓದಿರುತ್ತಾರೆ. ಕನಿಷ್ಠ ತೂಕ, ಗೇರ್‌ಬಾಕ್ಸ್, ಟೈರ್, ಪೆಟ್ರೋಲ್, ಸದ್ದಿನ ಮಿತಿ ಬೇರೆ ಬೇರೆ ಪುಟಗಳಲ್ಲಿರುತ್ತವೆ. ಇಂಜಿನ್ ಹೇಗಿರಬೇಕೆಂದು ತೀರ್ಮಾನವಾಗುವುದು ಆ ಪುಟಗಳಲ್ಲೇ. ಜೊತೆಗೆ, ರಸ್ತೆ ಕಾರುಗಳನ್ನೇ ಓಡಿಸುವ ಎಷ್ಟೋ ಕ್ಲಾಸ್‌ಗಳಲ್ಲಿ (ರೇಸಿನ ವಿಭಾಗಗಳಲ್ಲಿ) ಮಾಡಬಹುದು ಎಂದು ಬರೆದಿರದಿದ್ದರೆ ಮಾಡುವಂತಿಲ್ಲ. "ಬೇಡ ಅಂತ ಎಲ್ಲೂ ಬರೆದಿಲ್ಲವಲ್ಲ" ಎಂಬ ವಾದ ಸ್ಕ್ರೂಟಿನಿಯಲ್ಲಿ, ಅಂದರೆ ಕಾರು ನಿಯಮದಂತಿದೆಯೇ ಎಂದು ನೋಡುವ ತಪಾಸಣೆಯಲ್ಲಿ, ನಡೆಯುವುದಿಲ್ಲ.

ಒಂದು ಲೆಕ್ಕ ಕೊಡುತ್ತೇನೆ. ಮೊದಲ ತಲೆಮಾರಿನ ಮಾಜ್ಡಾ ಮಿಯಾಟಾದ 1.6 ಲೀಟರ್ ಇಂಜಿನ್ನಿನ ಬೋರ್ (ಸಿಲಿಂಡರ್‌ನ ಅಗಲ) 78 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 83.6 ಮಿ.ಮೀ. ನಾಲ್ಕು ಸಿಲಿಂಡರ್ ಸೇರಿ 1598 ಸಿಸಿ. ಕ್ಲಾಸ್ ಮಿತಿ 1600 ಎಂದುಕೊಳ್ಳಿ. ಬ್ಲಾಕ್ (ಸಿಲಿಂಡರ್‌ಗಳಿರುವ ಇಂಜಿನ್ನಿನ ಒಡಲು) ಸವೆದಿದೆ ಎಂದು ಬೋರ್ ಮಾಡಿಸಿ, ಅಂದರೆ ಸಿಲಿಂಡರ್ ಕೊರೆಸಿ ಅಗಲ ಮಾಡಿಸಿ, 0.25 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿದರೂ 1608 ಆಗುತ್ತದೆ. ಪೂರ್ತಿ 1 ಮಿ.ಮೀ. ಬೋರ್ ಮಾಡಿಸಿದರೆ 1639. ಸಿಕ್ಕಿದ್ದು ಶೇ. 2.6ರಷ್ಟು ಹೆಚ್ಚುವರಿ ಸಿಸಿ. ರಿಪೇರಿ ಬೋರಿಂಗ್‌ಗೆ ನಿಯಮದಲ್ಲಿ ರಿಯಾಯಿತಿ ಇಲ್ಲದಿದ್ದರೆ ಮುಂದಿನ ರೇಸ್ ನಿಮಗಿಂತ ದೊಡ್ಡ ಇಂಜಿನ್‌ಗಳ ಜೊತೆ. ಈ ಒಂದು ಸಾಲು ನೋಡದೆ ಬ್ಲಾಕ್ ಕೆಡಿಸಿಕೊಂಡವರನ್ನು ಕಂಡಿದ್ದೇನೆ, ನಿಜಕ್ಕೂ ಸಂಕಟವಾಗುತ್ತದೆ.

ತೂಕಕ್ಕೂ ಎಚ್‌ಪಿಗೂ ಗಂಟು ಹಾಕಿದ ಕ್ಲಾಸ್‌ಗಳ ಕಥೆಯೇ ಬೇರೆ. ಒಂದು ಎಚ್‌ಪಿಗೆ 8 ಕೆಜಿ ಎಂಬ ನಿಯಮವಿದ್ದರೆ 125 ಎಚ್‌ಪಿಯ ಕಾರು 1000 ಕೆಜಿ ಇದ್ದರೆ ಸಾಕು. 130 ಮಾಡಿದಿರೋ, 40 ಕೆಜಿ ಸೀಸ ಹೊರಬೇಕು. ಆ ಭಾರವನ್ನು ಬ್ರೇಕೂ ಟೈರೂ ಪ್ರತಿ ತಿರುವಿನಲ್ಲೂ ಹೊರಬೇಕು. ಅಂಥ ಕ್ಲಾಸ್‌ನಲ್ಲಿ ಪೀಕ್ (ಗರಿಷ್ಠ ಪವರ್) ಏರಿಸುವುದಕ್ಕಿಂತ ಪೀಕ್‌ಗೆ ಮೊದಲಿನ ಟಾರ್ಕ್ (ತಿರುಗಿಸುವ ಬಲ) ತುಂಬಿಸಿಕೊಳ್ಳುವುದೇ ಜಾಣತನ.

ಇದನ್ನು ನಾನು ಕಲಿತದ್ದು ಕ್ಯಾಮ್‌ನಿಂದ, ಅಂದರೆ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ದಂಡದಿಂದ. ಎರಡು ಸೀಸನ್ ಹಿಂದೆ ದೊಡ್ಡ ಡ್ಯೂರೇಷನ್‌ನ (ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುವ) ಕ್ಯಾಮ್ ಹಾಕಿಸಿದೆ, ನಿಯಮದಲ್ಲಿ ಅವಕಾಶವಿತ್ತು. ಡೈನೊ (ಪವರ್ ಅಳೆಯುವ ಯಂತ್ರ) ಮೇಲೆ ಪೀಕ್ ಪವರ್ ಚೆನ್ನಾಗಿಯೇ ಏರಿತು, ಲ್ಯಾಪ್ ಟೈಮ್ ಮಾತ್ರ ಇಳಿಯಲೇ ಇಲ್ಲ. ಗೇರ್‌ಬಾಕ್ಸ್ ಮುಟ್ಟುವಂತಿರಲಿಲ್ಲ. ಎರಡನೇ ಗೇರ್ 1.888, ಮೂರನೆಯದು 1.330. 7000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತುಗಳು) ಬದಲಿಸಿದರೆ ಇಂಜಿನ್ ಸುಮಾರು 4900ಕ್ಕೆ ಬೀಳುತ್ತದೆ. ಹೊಸ ಕ್ಯಾಮ್‌ಗೆ ಜೀವ ಬರುತ್ತಿದ್ದದ್ದು 5600ರ ನಂತರ! ಪ್ರತಿ ಸಲ ಗೇರ್ ಏರಿಸಿದಾಗಲೂ ಪಕ್ಕದವನು ಒಂದು ಕಾರಿನ ಉದ್ದ ಮುಂದೆ. ಇನ್ನೂ ಮೇಲಕ್ಕೆ ತಿರುಗಿಸೋಣವೆಂದರೆ ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್ ಮೇಲಿನ ಎಳೆತ ಆರ್‌ಪಿಎಂನ ವರ್ಗದಂತೆ ಏರುತ್ತದೆ: 7000ದಿಂದ 7700ಕ್ಕೆ ಹೋದರೆ ವೇಗ ಶೇ. 10 ಹೆಚ್ಚು, ಎಳೆತ ಶೇ. 21 ಹೆಚ್ಚು. ಹಾಗಾಗಿ ಕ್ಯಾಮ್ ಆರಿಸುವ ಮೊದಲು ನಿಮ್ಮ ಗೇರ್ ಅನುಪಾತಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ನಿಮ್ಮ ಇಂಜಿನ್ ನಿಜವಾಗಿ ಬದುಕುವ ಆರ್‌ಪಿಎಂ ವ್ಯಾಪ್ತಿ ಆಗ ಕಣ್ಣಿಗೆ ಬೀಳುತ್ತದೆ.

ರೆಸ್ಟ್ರಿಕ್ಟರ್ (ಇಂಜಿನ್‌ಗೆ ಹೋಗುವ ಗಾಳಿಯನ್ನು ತಡೆಯುವ ಕಿರಿದಾದ ತೂತು) ಇರುವ ಕ್ಲಾಸ್‌ನಲ್ಲಂತೂ ಇದು ಇನ್ನೂ ಕಟ್ಟುನಿಟ್ಟು. ಆ ಕಿರಿದಾದ ತೂತಿನಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಇಂಜಿನ್ ಎಷ್ಟೇ ಎಳೆದರೂ ಹೆಚ್ಚು ಗಾಳಿ ಬರುವುದಿಲ್ಲ. 1995ರ ವಿಶ್ವ ರ‍್ಯಾಲಿಯಲ್ಲಿ ಟೊಯೊಟಾ ತಂಡ ರೆಸ್ಟ್ರಿಕ್ಟರ್ ತಪ್ಪಿಸಿ ಗಾಳಿ ಒಳಗೆ ಹೋಗುವ ಏರ್ಪಾಟು ಮಾಡಿ ಸಿಕ್ಕಿಬಿದ್ದು, ಆ ವರ್ಷದ ಅಂಕಗಳನ್ನೂ ಮುಂದಿನ ಒಂದು ವರ್ಷವನ್ನೂ ಕಳೆದುಕೊಂಡಿತು. ಹವ್ಯಾಸಿಗಳಾದ ನಮಗೆ ಅದು ಬೇಡವೇ ಬೇಡ. ನಮ್ಮ ಜೊತೆ ಓಡಿಸುವವರೇ ನಾಳೆ ನಮಗೆ ಸ್ಪಾನರ್ ಕೊಡುವವರು.

ಹಾಗಾದರೆ ದುಡ್ಡು ಮೊದಲು ಎಲ್ಲಿಗೆ? ಆಯಿಲ್‌ಗೆ. ಉದ್ದನೆಯ ತಿರುವಿನಲ್ಲಿ ಸಂಪ್‌ನ (ಇಂಜಿನ್ ತಳದ ಆಯಿಲ್ ತಟ್ಟೆಯ) ಆಯಿಲ್ ಒಂದು ಬದಿಗೆ ಒತ್ತರಿಸಿ ಪಿಕಪ್ (ಆಯಿಲ್ ಹೀರುವ ಕೊಳವೆ) ಗಾಳಿ ಹೀರಿದರೆ ಬೇರಿಂಗ್ ಹೋಗಲು ಕೆಲವೇ ಕ್ಷಣ ಸಾಕು. ಸಂಪ್‌ಗೆ ಬ್ಯಾಫಲ್ (ಆಯಿಲ್ ಅತ್ತಿತ್ತ ಹರಿಯದಂತೆ ತಡೆಯುವ ತಗಡು) ಹಾಕಲು ಬಿಡುವ ನಿಯಮವಿದ್ದರೆ ಮೊದಲು ಅದನ್ನು ಮಾಡಿ. ಆಮೇಲೆ ಲೀಕ್‌ಡೌನ್ ಟೆಸ್ಟ್, ಅಂದರೆ ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ನೋಡುವ ಪರೀಕ್ಷೆ. ಸೋರುವ ರಿಂಗು, ಸರಿಯಾಗಿ ಕೂರದ ವಾಲ್ವು ನುಂಗುವ ಪವರ್ ಎಷ್ಟೋ ಸಲ ಹೊಸ ಎಕ್ಸಾಸ್ಟ್ ಕೊಡುವುದಕ್ಕಿಂತ ಹೆಚ್ಚು. ಹೆಡ್ ಫೇಸಿಂಗ್ ಮಾಡಿಸಿ (ಸಿಲಿಂಡರ್ ಹೆಡ್‌ನ ತಳ ಸ್ವಲ್ಪ ಕೆತ್ತಿಸಿ) ಕಂಪ್ರೆಷನ್ ಅನುಪಾತ 9.4ರಿಂದ 9.8ಕ್ಕೆ ತಂದರೆ ಲೆಕ್ಕದ ಪ್ರಕಾರ ಸಿಗುವ ಪವರ್ ಶೇ. 1ರ ಆಸುಪಾಸು. ಒಳ್ಳೆಯದೇ, ಆದರೆ ನಾಕಿಂಗ್‌ಗೆ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಸಿಡಿಯುವುದಕ್ಕೆ) ಹೆದರಿ ಇಗ್ನಿಷನ್ ಹಿಂದಕ್ಕೆ ಸರಿಸಬೇಕಾಗಿ ಬಂದರೆ ಅದೂ ಉಳಿಯದು. ಮ್ಯಾಪಿಂಗ್ (ಪೆಟ್ರೋಲ್, ಇಗ್ನಿಷನ್ ಹೊಂದಾಣಿಕೆ) ಯಾವಾಗಲೂ ಕೊನೆಯಲ್ಲಿ, ಎಲ್ಲ ಭಾಗಗಳೂ ಕೂತ ಮೇಲೆ, ಒಂದೇ ಸಲ.

ಈ ಬಾರಿ ನನ್ನ ಇಂಜಿನ್‌ಗೆ ಹೊಸ ರಿಂಗ್, ಹೊಸ ಬೇರಿಂಗ್, ವಾಲ್ವ್ ಸೀಟ್ ಕಟಿಂಗ್, ಸಂಪ್ ಬ್ಯಾಫಲ್. ಕಂಪನಿ ಕ್ಯಾಮ್ ವಾಪಸ್ ತನ್ನ ಜಾಗಕ್ಕೆ ಹೋಗಿದೆ. ದೊಡ್ಡ ಕ್ಯಾಮ್ ಬೇಕಾದವರಿದ್ದರೆ ಮೆಸೇಜ್ ಮಾಡಿ, ಜೊತೆಗೆ ನಿಮ್ಮ ಗೇರ್ ಅನುಪಾತಗಳನ್ನೂ ಕಳುಹಿಸಿ.