ಕೇಸು ಸೋಲುವುದು ಬಾಟಲಿಯಲ್ಲೇ

ಕಾರ್ಖಾನೆ ನೀರು ಕೆರೆಗೆ ನುಗ್ಗಿ ಮೀನು ಸತ್ತಾಗಲೆಲ್ಲ ‘ನಮ್ಮಲ್ಲಿ ಕಾನೂನೇ ಇಲ್ಲ’ ಅನ್ನುವ ಮಾತು ಬರುತ್ತದೆ. ಕಾನೂನು ಇದೆ. ನೀರಿನ ಮಾಲಿನ್ಯ ತಡೆಯುವ 1974ರ ಜಲ ಕಾಯ್ದೆಯನ್ನು ಮೊದಲ ಸುತ್ತಿನಲ್ಲೇ ಒಪ್ಪಿಕೊಂಡ 12 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕೇಸು ಸೋಲುವುದು ಬಹಳ ಸಲ ಸ್ಯಾಂಪಲ್ ತೆಗೆಯುವ ಹೊತ್ತಿನಲ್ಲಿ.

ಕಾಯ್ದೆಯ 21ನೇ ಸೆಕ್ಷನ್ ನೋಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಔಟ್‌ಲೆಟ್‌ನಿಂದ ನೀರು ತೆಗೆದರೆ, ಇದನ್ನು ಪರೀಕ್ಷೆಗೆ ಕಳಿಸುತ್ತೇನೆ ಎಂದು ಕಾರ್ಖಾನೆಯವರಿಗೆ ಅಲ್ಲೇ ನೋಟಿಸ್ ಕೊಡಬೇಕು. ಅವರ ಎದುರೇ ಸ್ಯಾಂಪಲನ್ನು ಎರಡು ಪಾಲು ಮಾಡಿ, ಗುರುತು ಹಾಕಿ, ಸೀಲ್ ಮಾಡಿ, ಇಬ್ಬರೂ ಸಹಿ ಹಾಕಬೇಕು. ಒಂದು ಪಾಲು ತಕ್ಷಣ ಮಂಡಳಿಯ ಲ್ಯಾಬಿಗೆ ಹೋಗಬೇಕು. ಕಾರ್ಖಾನೆಯವರು ಕೇಳಿದರೆ ಇನ್ನೊಂದು ಪಾಲು ಸರ್ಕಾರ ಗೊತ್ತುಪಡಿಸಿದ ಲ್ಯಾಬಿಗೆ. ಮಾಲೀಕರು ಬೇಕೆಂದೇ ತಪ್ಪಿಸಿಕೊಂಡರೂ ಕೆಲಸ ನಿಲ್ಲಬೇಕಿಲ್ಲ, ಆದರೆ ಅವರು ಇರಲಿಲ್ಲ ಎಂಬುದನ್ನು ವಿಶ್ಲೇಷಕರಿಗೆ ಬರಹದಲ್ಲೇ ತಿಳಿಸಿರಬೇಕು. ಈ ಕ್ರಮ ತಪ್ಪಿದರೆ ಆ ವರದಿ ಕೋರ್ಟಿನಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ನೀರಿನಲ್ಲಿ ಏನಿತ್ತು ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಸೀಲ್ ಸರಿಯಿದ್ದರೂ ಬಾಟಲಿ ಕೈಕೊಡಬಹುದು. ಒಂದೇ ಕ್ಯಾನಿನಲ್ಲಿ ಎಲ್ಲವನ್ನೂ ಅಳೆಯಲು ಬರುವುದಿಲ್ಲ. ಎಣ್ಣೆ–ಗ್ರೀಸ್‌ಗೆ ಅಗಲ ಬಾಯಿಯ ಗಾಜಿನ ಬಾಟಲಿಯೇ ಬೇಕು, ಪ್ಲಾಸ್ಟಿಕ್ಕಿಗೆ ಎಣ್ಣೆ ಅಂಟಿಕೊಂಡು ಲೆಕ್ಕದಿಂದ ತಪ್ಪಿಹೋಗುತ್ತದೆ. ಸೀಸ, ಕ್ಯಾಡ್ಮಿಯಂ ನೋಡಬೇಕಾದರೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು, ಇಲ್ಲವಾದರೆ ಲೋಹ ಬಾಟಲಿಯ ಗೋಡೆಗೆ ಹತ್ತಿಕೊಳ್ಳುತ್ತದೆ. ಪಿಎಚ್ ಮತ್ತು ಉಷ್ಣತೆಯನ್ನು ಸ್ಥಳದಲ್ಲೇ ಅಳೆದು ಬರೆದುಕೊಳ್ಳಬೇಕು. ಬಿಒಡಿ (ನೀರಿನ ಕೊಳಕನ್ನು ತಿನ್ನಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕದ ಅಳತೆ) ನೋಡುವ ಬಾಟಲಿ ಐಸ್ ಪೆಟ್ಟಿಗೆಯಲ್ಲಿ, ಸುಮಾರು 4 ಡಿಗ್ರಿಯಲ್ಲಿ, ಕತ್ತಲಲ್ಲಿ ಇರಬೇಕು. ಅದು ಎರಡು–ಮೂರು ದಿನ ಜೀಪಿನ ಬಿಸಿಲಲ್ಲಿ ಕೂತರೆ ಒಳಗಿನ ಬ್ಯಾಕ್ಟೀರಿಯಾ ಕೊಳಕಿನ ಒಂದಷ್ಟು ಪಾಲನ್ನು ತಿಂದು ಮುಗಿಸಿರುತ್ತವೆ. ಒಳನಾಡಿನ ನೀರಿಗೆ ಬಿಡಲು ಬಿಒಡಿ ಮಿತಿ ಲೀಟರಿಗೆ 30 ಮಿಲಿಗ್ರಾಂ. ತಡವಾದ ಬಾಟಲಿ ಆ ಮಿತಿಯೊಳಗೆ ಆರಾಮಾಗಿ ಪಾಸಾಗಿಬಿಡಬಹುದು. ತಡವಾದಷ್ಟೂ ಲಾಭ ಕಾರ್ಖಾನೆಗೆ. ಹಾಗಾಗಿ ಮಂಡಳಿಯವರು ಬಂದಾಗ ಊರಿನವರು ‘ಎಷ್ಟು ಹೊತ್ತಿಗೆ ತೆಗೆದಿರಿ, ಐಸ್ ಎಲ್ಲಿದೆ, ಲ್ಯಾಬಿಗೆ ಯಾವಾಗ ತಲುಪುತ್ತದೆ’ ಎಂದು ಕೇಳಲೇಬೇಕು. ಕೇಳುವುದು ಅಧಿಕಪ್ರಸಂಗವಲ್ಲ.

ಜನರ ಕೈಯಲ್ಲೂ ಅಧಿಕಾರವಿದೆ, ಬಳಸುವವರು ಕಡಿಮೆ. 25ನೇ ಸೆಕ್ಷನ್ ಪ್ರಕಾರ ಕೊಳೆನೀರು ಬಿಡಲು ಪ್ರತಿ ಕಾರ್ಖಾನೆಗೆ ಹಾಕಿದ ಷರತ್ತುಗಳ ರಿಜಿಸ್ಟರನ್ನು ಮಂಡಳಿ ಇಡಬೇಕು, ಸಂಬಂಧಪಟ್ಟವರು ಅದನ್ನು ನೋಡಬಹುದು. ಯಾವ ಔಟ್‌ಲೆಟ್, ಎಷ್ಟು ನೀರು, ಎಲ್ಲಿಗೆ ಎಂದು ಮೊದಲು ಅದರಲ್ಲಿ ನೋಡಿಕೊಳ್ಳಿ. ಷರತ್ತಿನಲ್ಲಿ ಇಲ್ಲದ ಪೈಪೊಂದು ಹಳ್ಳಕ್ಕೆ ಇಳಿದಿದ್ದರೆ ಅರ್ಧ ಕೇಸು ಅಲ್ಲೇ ಸಿಕ್ಕಿತು. ಇನ್ನು 49ನೇ ಸೆಕ್ಷನ್: ಮಂಡಳಿಗೆ 60 ದಿನಗಳ ನೋಟಿಸ್ ಕೊಟ್ಟು ಯಾರು ಬೇಕಾದರೂ ನೇರ ಕೋರ್ಟಿಗೆ ದೂರು ಹಾಕಬಹುದು. ಆಗ ಮಂಡಳಿ ತನ್ನ ವರದಿಗಳನ್ನು ಕೊಡಬೇಕು, ಸಾರ್ವಜನಿಕ ಹಿತದ ಕಾರಣ ಹೇಳಿ ಮಾತ್ರ ನಿರಾಕರಿಸಬಹುದು. ಪರಿಸರ ವ್ಯಾಜ್ಯ ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೂ ಹೋಗಬಹುದು. ಅದು ಸಾಕ್ಷ್ಯ ಕಾಯ್ದೆಯ ಕಟ್ಟುಪಾಡಿಗೆ ಒಳಪಟ್ಟಿಲ್ಲ, ಒಳ್ಳೆಯ ಖಾಸಗಿ ಲ್ಯಾಬಿನ ವರದಿಯನ್ನೂ ಅಲ್ಲಿ ಮುಂದಿಡಬಹುದು. ಆದರೆ ವಿವಾದದ ಅರ್ಜಿಗೆ 6 ತಿಂಗಳು, ಪರಿಹಾರದ ಅರ್ಜಿಗೆ 5 ವರ್ಷದ ಗಡುವಿದೆ.

ಜಲ ಕಾಯ್ದೆಗೆ ಬಂದ 2024ರ ತಿದ್ದುಪಡಿ ನನಗೆ ಸಮಾಧಾನ ತಂದಿಲ್ಲ. ಅದನ್ನು ಒಪ್ಪಿಕೊಂಡ ರಾಜ್ಯಗಳಲ್ಲಿ ಅನೇಕ ಅಪರಾಧಗಳಿಗೆ ಜೈಲಿನ ಬದಲು 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ. ದೊಡ್ಡ ಕಾರ್ಖಾನೆಗೆ ಈ 15 ಲಕ್ಷ ಇನ್ನೊಂದು ಖರ್ಚಿನ ಬಾಬತ್ತು ಅಷ್ಟೆ.

ನೀರಿಗಿಂತ ಮಣ್ಣಿನ ಗತಿ ಕಷ್ಟ. ನೀರು ಹರಿದು ಹೋಗುತ್ತದೆ, ಲೋಹ ಮಣ್ಣಲ್ಲಿ ಕೂರುತ್ತದೆ. ವಿಷವನ್ನು ನೆಲಕ್ಕೆ ಸುರಿಯುವುದನ್ನೂ 24ನೇ ಸೆಕ್ಷನ್ ನಿಷೇಧಿಸುತ್ತದೆ, ನಿಜ. ಆದರೆ ಪರಿಸರ ನಿಯಮಗಳ 6ನೇ ಶೆಡ್ಯೂಲಿನ ಕೋಷ್ಟಕ ತೆರೆದು ನೋಡಿ. ಒಳನಾಡಿನ ನೀರಿಗೆ ಬಿಡಲು ಲೀಟರಿಗೆ ಸೀಸಕ್ಕೆ 0.1, ಒಟ್ಟು ಕ್ರೋಮಿಯಂಗೆ 2 ಮಿಲಿಗ್ರಾಂ ಮಿತಿ ಇದೆ. ನೀರಾವರಿ ಭೂಮಿಗೆ ಬಿಡುವ ಕಾಲಂನಲ್ಲಿ ಇವೆರಡರ ಎದುರೂ ಬರೀ ಗೆರೆ. ಅಲ್ಲಿ ಬಿಒಡಿಯೂ 100ರವರೆಗೆ ನಡೆಯುತ್ತದೆ. ನಾವು ಅನ್ನ ಬೆಳೆಯುವ ಮಣ್ಣಿಗೆ ಕಾಲಂ ಖಾಲಿ ಬಿಟ್ಟಿದ್ದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ.

ಇದರ ಬೆಲೆ ರಾಜಸ್ಥಾನದ ಬಿಚ್ಛ್ರಿಗೆ ಗೊತ್ತು. ಉದಯಪುರದ ಬಳಿಯ ಆ ಊರಲ್ಲಿ ಬಣ್ಣ ತಯಾರಿಕೆಗೆ ಬಳಸುವ ಎಚ್ ಆಸಿಡ್ ಎಂಬ ರಾಸಾಯನಿಕದ 375 ಟನ್ ತಯಾರಿಕೆಯಿಂದ ಸುಮಾರು 2,440 ಟನ್ ಕೆಸರು ಬಂತು, ಬಾವಿಗಳು ಕುಡಿಯಲಾಗದಂತೆ ಕೆಟ್ಟವು. ಸುಪ್ರೀಂ ಕೋರ್ಟ್ 1996ರಲ್ಲೇ ತೀರ್ಪು ಕೊಟ್ಟಿತು. ಆದರೆ ಶುದ್ಧೀಕರಣದ 37.385 ಕೋಟಿಯನ್ನು ಬಡ್ಡಿ ಸಮೇತ ಕಟ್ಟಿ ಎಂದು ಅದೇ ಕೋರ್ಟ್ 2011ರಲ್ಲಿ ಮತ್ತೆ ಹೇಳಬೇಕಾಯಿತು.

ಕೊನೆಗೂ 2025ರ ಜುಲೈನಲ್ಲಿ ಕಲುಷಿತ ಸ್ಥಳಗಳ ನಿರ್ವಹಣಾ ನಿಯಮಗಳು ಬಂದವು. ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಶಂಕಿತ ಸ್ಥಳಗಳ ಪಟ್ಟಿ ಕಳಿಸಬೇಕು, ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ ಮುಗಿಸಬೇಕು, ಹೊಣೆಗಾರರು ಸಿಕ್ಕರೆ ಖರ್ಚು ಅವರದೇ. ನಿಮ್ಮೂರಲ್ಲಿ ಅಂಥ ಜಾಗ ಇದ್ದರೆ ಪಟ್ಟಿಗೆ ಸೇರಿಸಲು ಜಿಲ್ಲಾಧಿಕಾರಿಗೆ ಬರೆಯಿರಿ. ಸರ್ವೆ ನಂಬರ್, ಏನು ಸುರಿದಿದ್ದಾರೆ, ಯಾವ ವರ್ಷದಿಂದ, ಸುತ್ತ ಯಾವ ಬೋರ್‌ವೆಲ್‌ಗಳ ನೀರಿನ ಬಣ್ಣ, ವಾಸನೆ ಬದಲಾಗಿದೆ ಎಂದು ಸ್ಪಷ್ಟವಾಗಿ ಬರೆದು, ಫೋಟೊ ಲಗತ್ತಿಸಿ, ಪ್ರತಿಯನ್ನು ಪಂಚಾಯ್ತಿಗೂ ಮಂಡಳಿಯ ಪರಿಸರ ಅಧಿಕಾರಿಗೂ ಕೊಟ್ಟು ಮೂರೂ ಕಡೆ ಸ್ವೀಕೃತಿ ಪಡೆದುಕೊಳ್ಳಿ.